ಕಾರವಾರ–ಅಂಕೋಲಾ ಕರಾವಳಿಯಲ್ಲಿ ಕುಟುಂಬ ಶಿಬಿರವಾಸ

ಕುಟುಂಬ ಶಿಬಿರವಾಸ ಅಥವಾ ಕುಟುಂಬ ಕ್ಯಾಂಪಿಂಗ್ ಎಂದರೆ ಮನೆಮಂದಿಯೆಲ್ಲ ಒಟ್ಟಾಗಿ ಒಂದು ಅಥವಾ ಹೆಚ್ಚು ರಾತ್ರಿಗಳನ್ನು ಬಯಲಿನಲ್ಲಿ, ಡೇರೆ ಅಥವಾ ತಾತ್ಕಾಲಿಕ ಬಿಡಾರದಲ್ಲಿ ಕಳೆಯುವ ವಿರಾಮ ಪ್ರವಾಸ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಸಮುದ್ರ, ನದೀಮುಖ, ದ್ವೀಪ ಮತ್ತು ಪಶ್ಚಿಮ ಘಟ್ಟದ ಕಾಡು ಪರಸ್ಪರ ಸಮೀಪದಲ್ಲಿರುವುದರಿಂದ ಈ ಪ್ರದೇಶ ಇಂತಹ ಪ್ರವಾಸಕ್ಕೆ ಅನುಕೂಲಕರವಾಗಿದೆ. ಇದೇ ಸಾಮೀಪ್ಯ ಅಪಾಯಗಳಿಗೂ ಕಾರಣವಾಗಿದೆ. ಉಬ್ಬರವಿಳಿತ, ಅಲೆಗಳ ಸೆಳೆತ, ಮುಂಗಾರಿನ ಮಳೆ, ವಿಷಸರ್ಪಗಳು ಹಾಗೂ ನೌಕಾನೆಲೆ ಮತ್ತು ಅರಣ್ಯದ ನಿರ್ಬಂಧಗಳನ್ನು ಅರಿತು ಯೋಜಿಸಿದಾಗ ಮಾತ್ರ ಶಿಬಿರ ಸುಖಕರವಾಗುತ್ತದೆ.

ಪದಬಳಕೆ

ಕನ್ನಡದಲ್ಲಿ ಬಟ್ಟೆಯ ತಾತ್ಕಾಲಿಕ ವಸತಿಗೆ ಡೇರೆ, ಗುಡಾರ, ರಾವುಟಿ ಎಂಬ ಪದಗಳಿವೆ. ಪ್ರಯಾಣಿಕರು ತಂಗುವ ಸ್ಥಳವನ್ನು ಬಿಡಾರ ಎನ್ನುವುದು ರೂಢಿ. ಯಕ್ಷಗಾನ ಮೇಳಗಳು ತಂಗುವ ಜಾಗಕ್ಕೂ ಇದೇ ಹೆಸರಿದೆ. ಶಿಬಿರ ಎಂಬ ಪದ ಹಿಂದೆ ಸೈನ್ಯದ ಬೀಡನ್ನು ಸೂಚಿಸುತ್ತಿತ್ತು. ಇಂದು ಅದು ಆರೋಗ್ಯ ತಪಾಸಣೆಯಿಂದ ಹಿಡಿದು ಮಕ್ಕಳ ಬೇಸಿಗೆ ಕಾರ್ಯಕ್ರಮದವರೆಗೆ ಅನೇಕ ಕೂಟಗಳಿಗೆ ಬಳಕೆಯಾಗುತ್ತಿದೆ. ಆದ್ದರಿಂದ ಡೇರೆಯಲ್ಲಿ ತಂಗುವ ವಿರಾಮ ಪ್ರವಾಸವನ್ನು ಆಡುಮಾತಿನಲ್ಲಿ ‘ಕ್ಯಾಂಪಿಂಗ್’ ಎಂದೇ ಕರೆಯಲಾಗುತ್ತದೆ.

ಹಿನ್ನೆಲೆ

ವಿರಾಮಕ್ಕಾಗಿ ಡೇರೆ ಹೂಡುವ ಪದ್ಧತಿ ಭಾರತಕ್ಕೆ ಹೊಸದಾದರೂ ಮನೆಯ ಹೊರಗೆ ಕುಟುಂಬ ಸಮೇತ ಉಣ್ಣುವ ಸಂಪ್ರದಾಯ ಹಳೆಯದು. ಕಾರ್ತಿಕ ಮಾಸದ ವನಭೋಜನದಲ್ಲಿ ನೆಲ್ಲಿಮರದ ನೆರಳಿನಲ್ಲಿ ಅಡುಗೆ ಮಾಡಿ ಊಟ ಮಾಡುವ ರೂಢಿ ಕರಾವಳಿಯ ಹಲವು ಸಮುದಾಯಗಳಲ್ಲಿದೆ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಎಳ್ಳು ಅಮಾವಾಸ್ಯೆಯಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಮಿತ್ರರೊಂದಿಗೆ ಅಲ್ಲಿಯೇ ಉಣ್ಣುತ್ತವೆ. ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಗಾಡಿಯ ಕೆಳಗೇ ರಾತ್ರಿ ಕಳೆಯುವುದೂ ಹಿಂದೆ ಸಾಮಾನ್ಯವಾಗಿತ್ತು.

ಆಧುನಿಕ ಅರ್ಥದ ವಿರಾಮ ಶಿಬಿರವಾಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಇದರ ಪ್ರವರ್ತಕನೆಂದು ಪರಿಗಣಿಸಲಾಗುವ ಥಾಮಸ್ ಹೈರಮ್ ಹೋಲ್ಡಿಂಗ್ 1908ರಲ್ಲಿ ಶಿಬಿರವಾಸಿಗಳಿಗಾಗಿ ಕೈಪಿಡಿಯೊಂದನ್ನು ಪ್ರಕಟಿಸಿದನು. ಅದಕ್ಕೆ ಒಂದು ವರ್ಷ ಮೊದಲು, 1907ರಲ್ಲಿ, ರಾಬರ್ಟ್ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಬಾಲಕರ ಶಿಬಿರದಿಂದ ಸ್ಕೌಟ್ ಚಳವಳಿ ಬೆಳೆಯಿತು. ಕರ್ನಾಟಕದ ಹೆಚ್ಚಿನ ಜನರಿಗೆ ಡೇರೆವಾಸದ ಮೊದಲ ಪರಿಚಯವಾಗುವುದು ಶಾಲೆಯ ಸ್ಕೌಟ್, ಗೈಡ್ ಅಥವಾ ಎನ್‌ಸಿಸಿ ಶಿಬಿರಗಳ ಮೂಲಕ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಕಾರವಾರ ಅದರ ಆಡಳಿತ ಕೇಂದ್ರವಾಯಿತು. ಮುಂಬಯಿ ಪ್ರಾಂತದ ಕಂದಾಯ ಮತ್ತು ಅರಣ್ಯ ಅಧಿಕಾರಿಗಳು ಮಳೆಗಾಲ ಮುಗಿದ ಮೇಲೆ ಡೇರೆ, ಅಡುಗೆಯವರು ಮತ್ತು ದಫ್ತರಗಳೊಂದಿಗೆ ಹಳ್ಳಿಗಳಲ್ಲಿ ಫಿರತಿ ನಡೆಸುತ್ತಿದ್ದರು. ಅಂದಿನ ಡೇರೆ ಆಡಳಿತದ ಸಾಧನವಾಗಿತ್ತೇ ಹೊರತು ವಿರಾಮದ್ದಲ್ಲ. ಆದರೆ ಮಳೆ ನಿಂತ ಮೇಲೆ ಹೊರಟು ಬೇಸಿಗೆಯ ಸೆಕೆಗೆ ಮೊದಲು ಮರಳುವ ಆ ಕಾಲಕ್ರಮ ಇಂದಿನ ಶಿಬಿರವಾಸಿಗಳಿಗೂ ಅನ್ವಯಿಸುತ್ತದೆ.

ರವೀಂದ್ರನಾಥ ಟ್ಯಾಗೋರರ ಕಾರವಾರ ವಾಸ

ಈ ಕರಾವಳಿಯಲ್ಲಿ ಕುಟುಂಬವೊಂದು ಕೈಗೊಂಡ ವಿಹಾರದ ಪ್ರಸಿದ್ಧ ದಾಖಲೆ ರವೀಂದ್ರನಾಥ ಟ್ಯಾಗೋರರದು. ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದರು. ತಮ್ಮ ಆತ್ಮಕಥನ ‘ಜೀವನಸ್ಮೃತಿ’ಯಲ್ಲಿ ಅವರು ಕಾಳಿ ನದಿಯ ಒಂದು ಬೆಳದಿಂಗಳ ರಾತ್ರಿಯನ್ನು ವಿವರಿಸಿದ್ದಾರೆ. ಸಣ್ಣ ಹಾಯಿದೋಣಿಯಲ್ಲಿ ನದಿಯ ಮೇಲ್ಭಾಗಕ್ಕೆ ಸಾಗಿದ ಮನೆಯವರು ಶಿವಾಜಿಯ ಕಾಲದ್ದೆಂದು ಹೇಳಲಾಗುವ ಬೆಟ್ಟದ ಕೋಟೆಯ ಅಡಿಯಲ್ಲಿ ಇಳಿದು, ರೈತನೊಬ್ಬನ ಗುಡಿಸಿ ಸ್ವಚ್ಛಗೊಳಿಸಿದ ಅಂಗಳದಲ್ಲಿ ಕುಳಿತು, ಕಟ್ಟಿಕೊಂಡು ಹೋಗಿದ್ದ ಊಟ ಮಾಡಿದರು. ಹಿಂದಿರುಗುವಾಗ ನದೀಮುಖ ತಲುಪಲು ಬಹಳ ಹೊತ್ತಾದುದರಿಂದ ಸಮುದ್ರದ ದಾರಿ ಬಿಟ್ಟು, ದೋಣಿಯಿಂದಿಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಕಾರವಾರದಲ್ಲಿ ಬರೆದರು. ಪಟ್ಟಣದ ಮುಖ್ಯ ಕಡಲತೀರಕ್ಕೆ ಅವರ ಹೆಸರನ್ನಿಡಲಾಗಿದೆ.

ಭೂಗೋಳ ಮತ್ತು ಹವಾಮಾನ

ಕಾರವಾರವು ಕಾಳಿ ನದಿ ಅರಬ್ಬೀ ಸಮುದ್ರ ಸೇರುವಲ್ಲಿ, ಗೋವಾ ಗಡಿಯ ಸಮೀಪದಲ್ಲಿದೆ. ಅಂಕೋಲಾ ಅಲ್ಲಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿದೆ. ಅಂಕೋಲಾ ತಾಲೂಕಿನ ದಕ್ಷಿಣ ಅಂಚಿನಲ್ಲಿ ಗಂಗಾವಳಿ ನದಿ ಮಂಜಗುಣಿಯ ಬಳಿ ಸಮುದ್ರ ಸೇರುತ್ತದೆ. ಇಲ್ಲಿ ಘಟ್ಟದ ಕವಲುಗಳು ಅನೇಕ ಕಡೆ ಸಮುದ್ರದವರೆಗೂ ಚಾಚಿವೆ. ಹೀಗಾಗಿ ಕಡಲತೀರಗಳು ಉದ್ದವಾಗಿ ಒಂದಕ್ಕೊಂದು ಕೂಡಿಕೊಂಡಿರದೆ, ಗುಡ್ಡಗಳ ನಡುವಿನ ಚಿಕ್ಕ ಚಿಕ್ಕ ಕೊಲ್ಲಿಗಳಾಗಿ ಬೇರ್ಪಟ್ಟಿವೆ.

ವಾರ್ಷಿಕ ಮಳೆ 3,000 ಮಿ.ಮೀ.ಗೂ ಹೆಚ್ಚು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಶಿಬಿರದ ದೃಷ್ಟಿಯಿಂದ ವರ್ಷವನ್ನು ಹೀಗೆ ವಿಂಗಡಿಸಬಹುದು:

• ನವೆಂಬರ್–ಫೆಬ್ರವರಿ: ಆಕಾಶ ಶುಭ್ರ, ರಾತ್ರಿ ತಂಪು, ಸಮುದ್ರ ತಕ್ಕಮಟ್ಟಿಗೆ ಶಾಂತ. ಅತ್ಯುತ್ತಮ ಕಾಲ.
• ಮಾರ್ಚ್–ಮೇ: ಸೆಕೆ ಮತ್ತು ಆರ್ದ್ರತೆ ಹೆಚ್ಚು. ಏಪ್ರಿಲ್ ನಂತರ ಸಂಜೆ ಗುಡುಗು ಮಿಂಚಿನ ಮಳೆ ಬರಬಹುದು.
• ಜೂನ್–ಸೆಪ್ಟೆಂಬರ್: ಡೇರೆವಾಸಕ್ಕೆ ಯೋಗ್ಯವಲ್ಲ. ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ.
• ಅಕ್ಟೋಬರ್: ಹಸಿರು ಮತ್ತು ಜಲಪಾತಗಳ ಕಾಲ, ಆದರೆ ಹಿಂಗಾರಿನ ಸಿಡಿಲಿನ ಭಯವಿದೆ.

ಕುಟುಂಬಗಳ ಬಿಡುವು ಮತ್ತು ಪ್ರಕೃತಿಯ ಬಿಡುವು ಒಂದಕ್ಕೊಂದು ಹೊಂದದಿರುವುದು ಇಲ್ಲಿನ ಮುಖ್ಯ ತೊಡಕು. ಶಾಲೆಗಳ ದೊಡ್ಡ ರಜೆ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಬರುತ್ತದೆ. ದಸರಾ ರಜೆ ಹಿಂಗಾರಿನಲ್ಲಿ ಬರುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಹವೆ ಉತ್ತಮವಾಗಿದ್ದರೂ ಜಿಲ್ಲೆಯ ಕಡಲತೀರಗಳಲ್ಲಿ ಜನಸಂದಣಿ ಇರುತ್ತದೆ. ಜನವರಿ ಅಥವಾ ಫೆಬ್ರವರಿಯ ವಾರಾಂತ್ಯದ ಎರಡು ರಾತ್ರಿಗಳು ಈ ತೊಡಕಿಗೆ ಸರಳ ಪರಿಹಾರ. ಬೇಸಿಗೆ ರಜೆಯಲ್ಲೇ ಬರಬೇಕಾದವರು ಕಡಲತೀರದ ಬಿಸಿಲಿಗಿಂತ ಕಾಡಂಚಿನ ನೆರಳನ್ನು ಆರಿಸಿಕೊಳ್ಳುವುದು ಲೇಸು.

ಪ್ರಮುಖ ತಾಣಗಳು

ಕಾರವಾರ ತಾಲೂಕು

ರವೀಂದ್ರನಾಥ ಟ್ಯಾಗೋರ್ ಕಡಲತೀರ ಪಟ್ಟಣಕ್ಕೆ ಹೊಂದಿಕೊಂಡಿದೆ. ಹಗಲಿನ ವಿಹಾರಕ್ಕೆ ಮತ್ತು 1971ರ ಯುದ್ಧದಲ್ಲಿ ಪಾಲ್ಗೊಂಡ ಐಎನ್‌ಎಸ್ ಚಪಲ್ ನೌಕೆಯ ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಲು ಇದು ಸೂಕ್ತ. ಡೇರೆ ಹೂಡುವ ಸ್ಥಳವಲ್ಲ. ಕಾಳಿ ನದೀಮುಖದ ಉತ್ತರಕ್ಕಿರುವ ದೇವಬಾಗ ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ ಇರುವ ಮರಳಿನ ನಾಲಿಗೆ. ಗಾಳಿಮರಗಳ ತೋಪಿನ ನೆರಳಿರುವ ಇಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ವಿಹಾರಧಾಮವಿದೆ. ಡೇರೆಯ ಅಭ್ಯಾಸವಿಲ್ಲದ ಕುಟುಂಬಗಳು ಇಂತಹ ವ್ಯವಸ್ಥಿತ ತಾಣದಿಂದ ಆರಂಭಿಸುವುದುಂಟು. ಇನ್ನೂ ಉತ್ತರಕ್ಕೆ ಮಾಜಾಳಿ ಮತ್ತು ಅದರಾಚೆ ಗೋವಾ ಗಡಿಯ ಬಳಿ ತಿಳ್ಮಾತಿ ತೀರಗಳಿವೆ. ಎಳ್ಳಿನಂತಹ ಕಪ್ಪು ಮರಳಿನಿಂದ ತಿಳ್ಮಾತಿಗೆ ಆ ಹೆಸರು ಬಂದಿದೆ. ಅಲ್ಲಿಗೆ ಬಂಡೆಗಲ್ಲುಗಳ ಗುಡ್ಡವನ್ನು ದಾಟಿ ನಡೆದು ಹೋಗಬೇಕಾದುದರಿಂದ ಹಗಲಿನಲ್ಲಿಯೇ ನೋಡಿ ಮರಳುವುದು ಸೂಕ್ತ.

ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವಾಲಯವಿದ್ದು, ಪುಷ್ಯ ಹುಣ್ಣಿಮೆಯ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ತೆರಳುತ್ತಾರೆ. ದೇವಗಡ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ದೀಪಸ್ತಂಭವಿದೆ. ಕಾಳಿ ನದಿಯ ಉತ್ತರ ದಡದಲ್ಲಿ ಸದಾಶಿವಗಡ ಕೋಟೆಯಿದ್ದು, ಸೋಂದಾ ಅರಸರ ಕಾಲಕ್ಕೆ ಸೇರಿದ ಈ ಬೆಟ್ಟದಿಂದ ನದೀಮುಖದ ನೋಟ ಕಾಣುತ್ತದೆ.

ಅಂಕೋಲಾ ತಾಲೂಕು

ಹಾರವಾಡ, ಬೇಲೇಕೇರಿ, ಕೇಣಿ, ನದಿಬಾಗ, ಬೆಳಂಬಾರ ಮತ್ತು ಮಂಜಗುಣಿ ಈ ತಾಲೂಕಿನ ಕಡಲತೀರದ ಊರುಗಳು. ಇವುಗಳಲ್ಲಿ ಬೇಲೇಕೇರಿ ಬಂದರು ಪ್ರದೇಶ. ಕೇಣಿ ಮೀನುಗಾರರ ನೆಲೆ. ಪಟ್ಟಣಕ್ಕೆ ಸಮೀಪವಾದ ನದಿಬಾಗದಲ್ಲಿ ಹಳ್ಳವೊಂದು ಸಮುದ್ರ ಸೇರುವುದರಿಂದ ದೃಶ್ಯ ಸುಂದರವಾಗಿದ್ದರೂ ಉಬ್ಬರದ ಹೊತ್ತಿನಲ್ಲಿ ಹಳ್ಳದ ಪಾತ್ರದಲ್ಲಿ ನೀರು ಬೇಗ ಏರುತ್ತದೆ. ಒಳನಾಡಿನಲ್ಲಿ ಅಚವೆ ಭಾಗದ ವಿಭೂತಿ ಜಲಪಾತ ಮತ್ತು ನೆರೆಯ ಕುಮಟಾ ತಾಲೂಕಿನ ಯಾಣದ ಶಿಲಾಶಿಖರಗಳನ್ನು ಒಂದೇ ದಿನದಲ್ಲಿ ನೋಡಬಹುದು.

ಘಟ್ಟದ ಶಿಬಿರಗಳು

ಕಾರವಾರ–ಇಳಕಲ್ ರಾಜ್ಯ ಹೆದ್ದಾರಿಯಲ್ಲಿ ಕದ್ರಾ ದಾಟಿ ಘಟ್ಟವೇರಿದರೆ ಅಣಶಿಯ ಮೂಲಕ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸಿಗುತ್ತದೆ. 2015ರಲ್ಲಿ ಈ ಹೆಸರು ಪಡೆದ ಇದು ದಾಂಡೇಲಿ ವನ್ಯಜೀವಿ ಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಒಳಗೊಂಡಿದೆ. ದಾಂಡೇಲಿ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದ್ದು, ಅಲ್ಲಿ ಡೇರೆಗಳಲ್ಲಿ ತಂಗುವ ವ್ಯವಸ್ಥೆಯಿದೆ.

ಅನುಮತಿ ಮತ್ತು ನಿರ್ಬಂಧಗಳು

ಖಾಲಿ ಕಂಡ ಜಾಗದಲ್ಲೆಲ್ಲ ಡೇರೆ ಹೂಡುವಂತಿಲ್ಲ. ಈ ಪ್ರದೇಶದಲ್ಲಿ ಗಮನಿಸಬೇಕಾದ ನಿರ್ಬಂಧಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ನೌಕಾನೆಲೆ. ‘ಸೀಬರ್ಡ್’ ಯೋಜನೆಯಡಿ ನಿರ್ಮಾಣವಾದ ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಕಾರವಾರ ಪಟ್ಟಣದ ದಕ್ಷಿಣಕ್ಕೆ ಅರ್ಗಾ ಮೊದಲ್ಗೊಂಡು ಅಂಕೋಲಾ ತಾಲೂಕಿನ ಗಡಿಯತ್ತ ಚಾಚಿರುವ ಕರಾವಳಿಯ ದೊಡ್ಡ ಭಾಗ ಇದರ ಸ್ವಾಧೀನದಲ್ಲಿದೆ. ಅಲ್ಲಿ ಪ್ರವೇಶ, ಛಾಯಾಗ್ರಹಣ ಮತ್ತು ಡ್ರೋನ್ ಹಾರಿಸುವುದು ನಿಷಿದ್ಧ. ಗೋವಾ ರಾಜ್ಯಕ್ಕೆ ಸೇರಿದ ಅಂಜದೀವ್ ದ್ವೀಪವೂ ನೌಕಾಪಡೆಯ ಹಿಡಿತದಲ್ಲಿದೆ.

ಎರಡನೆಯದು ಅರಣ್ಯ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ತಂಗುವುದು ಹಾಗೂ ಬೆಂಕಿ ಹಚ್ಚುವುದು ಅಪರಾಧ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಕಡಲತೀರದ ಗಾಳಿಮರದ ತೋಪುಗಳಲ್ಲಿಯೂ ಅನೇಕವು ಅರಣ್ಯ ಇಲಾಖೆ ಬೆಳೆಸಿದವು.

ಮೂರನೆಯದು ಸಾರ್ವಜನಿಕ ಕಡಲತೀರ. ರಾತ್ರಿ ತಂಗುವ ಮೊದಲು ಸ್ಥಳೀಯ ಪೊಲೀಸ್ ಠಾಣೆ ಮತ್ತು ಗ್ರಾಮ ಪಂಚಾಯಿತಿ ಅಥವಾ ನಗರಾಡಳಿತದಲ್ಲಿ ವಿಚಾರಿಸುವುದು ಅಗತ್ಯ. ಗಡಿ ಮತ್ತು ನೌಕಾನೆಲೆಯ ಸಾಮೀಪ್ಯದಿಂದಾಗಿ ರಾತ್ರಿ ಗಸ್ತು ಇರುವುದರಿಂದ ಎಲ್ಲರೂ ಗುರುತಿನ ಚೀಟಿ ಹೊಂದಿರುವುದು ಒಳ್ಳೆಯದು.

ನಾಲ್ಕನೆಯದು ಖಾಸಗಿ ಜಮೀನು. ಸಮುದ್ರದಂಚಿನ ತೆಂಗಿನ ತೋಟಗಳಿಗೆ ಬೇಲಿ ಇಲ್ಲದಿದ್ದರೂ ಒಡೆಯರಿರುತ್ತಾರೆ. ಕುಟುಂಬಗಳಿಗೆ ಅತ್ಯಂತ ಸುಲಭವಾದ ವ್ಯವಸ್ಥೆಯೂ ಇದೇ: ಮನೆಯವರ ಒಪ್ಪಿಗೆ ಪಡೆದು, ಅವರ ಅಂಗಳ ಅಥವಾ ಹಿತ್ತಿಲಿನಲ್ಲಿ ಡೇರೆ ಹೂಡಿದರೆ ಸಿಹಿನೀರಿನ ಬಾವಿ, ಶೌಚಾಲಯ ಮತ್ತು ಅಪರಾತ್ರಿಯಲ್ಲಿ ಕೂಗಿದರೆ ಓಗೊಡುವ ನೆರೆ ಮೂರೂ ದೊರೆಯುತ್ತವೆ.

ಸ್ಥಳದ ಆಯ್ಕೆ ಮತ್ತು ಡೇರೆ ಹೂಡುವಿಕೆ

ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಉಂಟಾಗುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುತ್ತದೆ. ಆದ್ದರಿಂದ ಸಂಜೆ ಇಳಿತದ ಹೊತ್ತಿನಲ್ಲಿ ಒಣಗಿ ಕಾಣುವ ಮರಳು ಮಧ್ಯರಾತ್ರಿ ನೀರಿನಡಿಯಾಗಬಹುದು. ಕಸಕಡ್ಡಿ, ಚಿಪ್ಪು, ಪಾಚಿಗಳು ಸಾಲಾಗಿ ಬಿದ್ದಿರುವ ಗೆರೆಯು ಹಿಂದಿನ ಉಬ್ಬರ ತಲುಪಿದ ಎಲ್ಲೆಯನ್ನು ತೋರಿಸುತ್ತದೆ. ಡೇರೆ ಅದಕ್ಕಿಂತ ಸಾಕಷ್ಟು ಮೇಲೆ, ಸಾಧ್ಯವಾದರೆ ಮರಳ ದಿಬ್ಬದ ಹಿಂದೆ ಇರಬೇಕು. ದಿಬ್ಬದ ಮೇಲೆ ಹಬ್ಬಿರುವ ಬಳ್ಳಿಗಳು ಮರಳನ್ನು ಹಿಡಿದಿಡುವುದರಿಂದ ಅವುಗಳನ್ನು ತುಳಿದು ಕೀಳಬಾರದು.

ತೆಂಗಿನ ಮರದ ಕೆಳಗೆ ಡೇರೆ ಹೂಡಬಾರದು. ಬೀಳುವ ಕಾಯಿ ಮತ್ತು ಒಣಗಿದ ಮಡಲು ಪ್ರಾಣಾಪಾಯ ತರಬಲ್ಲವು. ದೋಣಿ ಎಳೆದಿಡುವ ಜಾಗ, ಬಲೆ ಹರಡುವ ಜಾಗ ಮತ್ತು ಮೀನು ಒಣಗಿಸುವ ಜಾಗಗಳು ಮೀನುಗಾರರ ದುಡಿಮೆಯ ನೆಲೆಗಳಾದುದರಿಂದ ಅವುಗಳನ್ನೂ ಬಿಡಬೇಕು. ಒಣಗಿದ ಹಳ್ಳದ ಪಾತ್ರ ಮತ್ತು ಕಡಿದಾದ ಗುಡ್ಡದ ಬುಡ ಯಾವ ಕಾಲಕ್ಕೂ ಯೋಗ್ಯವಲ್ಲ.

ಸಾಮಾನ್ಯ ಡೇರೆಯ ಸಣ್ಣ ಗೂಟಗಳು ಮರಳಿನಲ್ಲಿ ನಿಲ್ಲುವುದಿಲ್ಲ. ಬಟ್ಟೆಯ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದರಿಂದ ಒಂದೂವರೆ ಅಡಿ ಆಳದಲ್ಲಿ ಹೂತರೆ ಡೇರೆ ಗಾಳಿಗೆ ಅಲುಗುವುದಿಲ್ಲ. ಹಗಲಿನಲ್ಲಿ ಗಾಳಿ ಸಮುದ್ರದಿಂದ ನೆಲದತ್ತ, ರಾತ್ರಿ ನೆಲದಿಂದ ಸಮುದ್ರದತ್ತ ಬೀಸುವುದರಿಂದ ಎದುರುಬದುರು ಎರಡು ಕಿಟಕಿಗಳಿರುವ ಡೇರೆ ಉತ್ತಮ. ಕರಾವಳಿಯ ಆರ್ದ್ರತೆಯಲ್ಲಿ ಉಸಿರಿನ ತೇವ ಡೇರೆಯ ಒಳಮೈಗೆ ಕೂತು ಹನಿಯುತ್ತದೆ. ಗಾಳಿಯಾಡಲು ಬಿಡುವುದೇ ಇದಕ್ಕೆ ಉಪಾಯ. ಡಿಸೆಂಬರಿನಲ್ಲಿ ಸಂಜೆ ಸುಮಾರು 6 ಗಂಟೆಗೆ ಸೂರ್ಯಾಸ್ತವಾಗುವುದರಿಂದ 4 ಗಂಟೆಯ ಹೊತ್ತಿಗೆ ಸ್ಥಳ ತಲುಪಿ, ಬೆಳಕಿರುವಾಗಲೇ ಡೇರೆ ಹೂಡಿ ಮುಗಿಸುವುದು ಅನುಕೂಲಕರ. ಹೊಸ ಡೇರೆಯನ್ನು ಮನೆಯ ಅಂಗಳ ಅಥವಾ ತಾರಸಿಯ ಮೇಲೆ ಒಮ್ಮೆ ಬಿಚ್ಚಿ ಹೂಡಿ ನೋಡಿದರೆ ಮಕ್ಕಳಿಗೂ ಅಭ್ಯಾಸವಾಗುತ್ತದೆ.

ಸಾಮಗ್ರಿಗಳು

• ಡೇರೆ, ನೆಲಕ್ಕೆ ಹಾಸುವ ತಾಡಪಾಲು, ಚಾಪೆ, ತೆಳು ಹೊದಿಕೆ. ಘಟ್ಟದ ಮೇಲೆ ತಂಗುವುದಾದರೆ ದಪ್ಪ ಕಂಬಳಿ
• ತಲೆಗೆ ಕಟ್ಟುವ ಬ್ಯಾಟರಿ ದೀಪ, ಹೆಚ್ಚುವರಿ ಬ್ಯಾಟರಿ, ಸೀಟಿ
• ಸೊಳ್ಳೆ ಪರದೆ ಅಥವಾ ಸೊಳ್ಳೆ ನಿವಾರಕ ಮುಲಾಮು
• ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಆರ್‌ಎಸ್ ಪೊಟ್ಟಣಗಳು, ಮನೆಯವರು ನಿತ್ಯ ಸೇವಿಸುವ ಔಷಧಗಳು
• ಮುಚ್ಚಳವಿರುವ ನೀರಿನ ಕ್ಯಾನು, ಪಾತ್ರೆಗಳು, ಕಸದ ಚೀಲಗಳು
• ಮಕ್ಕಳ ಅಳತೆಗೆ ಸರಿಹೊಂದುವ ಜೀವರಕ್ಷಕ ಜಾಕೆಟ್

ನೀರು ಮತ್ತು ಆಹಾರ

ಕುಡಿಯಲು ಒಬ್ಬರಿಗೆ ದಿನಕ್ಕೆ 3ರಿಂದ 4 ಲೀಟರ್ ನೀರು ಬೇಕಾಗುತ್ತದೆ. ಅಡುಗೆ ಮತ್ತು ತೊಳೆಯುವಿಕೆಗೆ ಬೇಕಾದುದು ಬೇರೆ. ಸಮುದ್ರಕ್ಕೆ ತೀರ ಸಮೀಪದ ಬಾವಿಗಳಲ್ಲಿ, ವಿಶೇಷವಾಗಿ ಬೇಸಿಗೆಯಲ್ಲಿ, ನೀರು ಉಪ್ಪಾಗುವುದರಿಂದ ಮೊದಲೇ ವಿಚಾರಿಸಬೇಕು.

ಶಿಬಿರದ ಅಡುಗೆಗೆ ಒಂದೇ ಪಾತ್ರೆಯಲ್ಲಿ ಆಗುವ ತಿನಿಸುಗಳು ಹೊಂದುತ್ತವೆ. ಕುಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ, ಅವಲಕ್ಕಿ, ಖಿಚಡಿ, ಬೇಯಿಸಿದ ಗೆಣಸು ಸುಲಭ. ಮುರುಗಲು ಹಣ್ಣಿನ ಶರಬತ್ತು ಬಿಸಿಲಿನ ದಾಹಕ್ಕೆ ಹಿತಕರ. ಬೆಳಿಗ್ಗೆ ಮೀನುಪೇಟೆಯಲ್ಲಿ ಬಂಗಡೆ, ತಾರ್ಲೆ, ನೊಗಲಿ, ಶೆಟ್ಲಿ ಮುಂತಾದವು ದೊರೆಯುತ್ತವೆ. ಮಂಜುಗಡ್ಡೆಯ ಪೆಟ್ಟಿಗೆ ಇಲ್ಲದಿದ್ದರೆ ತಂದ ಮೀನನ್ನು ಕೂಡಲೇ ಬೇಯಿಸಬೇಕು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಮೇ ತಿಂಗಳಲ್ಲಿ ಬರುವವರಿಗೆ ಅಂಕೋಲೆಯ ಕರಿ ಈಶಾಡ ಮಾವು ವಿಶೇಷ ಆಕರ್ಷಣೆ; 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಡೇರೆಯ ಒಳಗೆ ಗ್ಯಾಸ್ ಒಲೆ ಅಥವಾ ಇದ್ದಿಲಿನ ಕೆಂಡ ಇಡುವುದು ಅತ್ಯಂತ ಅಪಾಯಕಾರಿ. ಬೆಂಕಿಯ ಭಯದ ಜೊತೆಗೆ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಮಲಗಿದವರನ್ನು ಅವರಿಗೆ ಅರಿವಿಲ್ಲದೆಯೇ ಕೊಲ್ಲಬಲ್ಲದು. ಗಾಳಿಮರದ ತೋಪಿನ ನೆಲದಲ್ಲಿ ಬಿದ್ದಿರುವ ಒಣ ಎಲೆಗಳಿಗೆ ಬೆಂಕಿ ಬೇಗ ತಗಲುತ್ತದೆ. ಉರಿ ಹಾಕಲು ಅನುಮತಿಯಿರುವಲ್ಲಿ ಬರಿಮರಳಿನ ಮೇಲೆ ಹಾಕಿ, ಕೊನೆಗೆ ನೀರು ಸುರಿದು ಆರಿಸಬೇಕು. ಕೆಂಡದ ಮೇಲೆ ಮರಳು ಮುಚ್ಚಿದರೆ ಅದು ಬಹಳ ಹೊತ್ತು ಕಾಣದಂತೆ ಬಿಸಿಯಾಗಿ ಉಳಿದು, ಬರಿಗಾಲಿನ ಮಕ್ಕಳ ಅಂಗಾಲು ಸುಡುತ್ತದೆ.

ಶಿಬಿರದ ಸಂತೋಷಗಳು

ಮನೆಯಲ್ಲಿ ಒಬ್ಬಿಬ್ಬರ ಪಾಲಿಗೆ ಬೀಳುವ ಕೆಲಸಗಳು ಶಿಬಿರದಲ್ಲಿ ಎಲ್ಲರಿಗೂ ಹಂಚಿಹೋಗುತ್ತವೆ. ನೀರು ತರುವುದು, ಹಗ್ಗ ಬಿಗಿಯುವುದು, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಇವುಗಳಲ್ಲಿ ಚಿಕ್ಕ ಮಕ್ಕಳಿಗೂ ನಿಜವಾದ ಪಾಲು ಇರುತ್ತದೆ. ಈ ಹಂಚಿಕೆ ಮೊದಲೇ ಆಗದಿದ್ದರೆ ಮನೆಯ ಹೆಂಗಸರಿಗೆ ಶಿಬಿರವು ಅನುಕೂಲಗಳಿಲ್ಲದ ಅಡುಗೆಮನೆ ಮಾತ್ರವಾಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಕೆಲಸಗಳ ಪಟ್ಟಿ ಮಾಡಿ ಹಂಚಿಕೊಳ್ಳುವುದು ಸರಿಯಾದ ಕ್ರಮ. ದಿನಚರಿಯನ್ನು ಗಡಿಯಾರಕ್ಕಿಂತ ಸೂರ್ಯನೂ ಸಮುದ್ರವೂ ನಿರ್ಧರಿಸುವುದರಿಂದ ಬೇಗ ಮಲಗಿ ಬೇಗ ಏಳುವುದು ತಾನಾಗಿ ರೂಢಿಯಾಗುತ್ತದೆ.

ಚಳಿಗಾಲದ ರಾತ್ರಿಗಳಲ್ಲಿ ಊರಿನ ದೀಪಗಳಿಂದ ದೂರವಿರುವ ತೀರಗಳಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ ನಕ್ಷತ್ರಗಳನ್ನು ಬರಿಗಣ್ಣಿನಿಂದ ಗುರುತಿಸಬಹುದು. ಪಂಚಾಂಗದಲ್ಲಿ ಹೆಸರು ಕೇಳಿ ಮಾತ್ರ ಗೊತ್ತಿರುವ ನಕ್ಷತ್ರಗಳನ್ನು ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ತೋರಿಸಲು ಇದು ಸದವಕಾಶ. ಕೆಲವು ವರ್ಷಗಳಲ್ಲಿ ನಾಕ್ಟಿಲ್ಯೂಕ ಎಂಬ ಸೂಕ್ಷ್ಮಜೀವಿಗಳು ಹೆಚ್ಚಿದಾಗ ಅಲೆಗಳು ಒಡೆಯುವಲ್ಲಿ ನೀಲಿ ಬೆಳಕು ಮಿನುಗುವುದು ಕಾರವಾರದ ತೀರದಲ್ಲಿ ಕಂಡುಬಂದಿದೆ. ನದೀಮುಖ ಮತ್ತು ದ್ವೀಪಗಳ ನಡುವೆ ಡಾಲ್ಫಿನ್‌ಗಳು ಕಾಣಿಸಿಕೊಳ್ಳುತ್ತವೆ. ಕಾಳಿ ನದಿಯ ಅಳಿವೆಯ ಕಾಂಡ್ಲಾ ಕಾಡು ಹಕ್ಕಿ ವೀಕ್ಷಣೆಗೆ ಪ್ರಶಸ್ತ. ಮೀನುಗಾರರು ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತವಾಗಿ ಬಿಟ್ಟು ದಡದಿಂದ ಹತ್ತಾರು ಮಂದಿ ಸೇರಿ ಎಳೆಯುವ ರಂಪಣಿ ಮೀನುಗಾರಿಕೆ ಈ ಕರಾವಳಿಯ ವೈಶಿಷ್ಟ್ಯ.

ಸುರಕ್ಷತೆ

ಸಮುದ್ರ

ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುವುದನ್ನು ಸೆಳೆತ ಎನ್ನುತ್ತಾರೆ. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಕದಡಿದಂತೆ ಕಂಡರೆ ಅಲ್ಲಿ ಸೆಳೆತವಿರುವ ಸಂಭವ ಹೆಚ್ಚು. ಅಪರಿಚಿತರಿಗೆ ಸುರಕ್ಷಿತವೆಂದು ತೋರುವ ಜಾಗವೇ ಹೀಗೆ ಅಪಾಯದ ಜಾಗವಾಗಿರುತ್ತದೆ. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗದೆ, ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಕಾಪಾಡಲು ಹೋಗುವವರು ತೇಲುವ ವಸ್ತು ಅಥವಾ ಹಗ್ಗವಿಲ್ಲದೆ ನೀರಿಗಿಳಿದರೆ ಅವರೂ ಮುಳುಗುವ ಸಾಧ್ಯತೆಯಿದೆ.

ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ಮೃತಪಟ್ಟರು. ಮಳೆಗಾಲದಲ್ಲಿ ಮಾತ್ರ ಸಮುದ್ರ ಅಪಾಯಕಾರಿ ಎಂಬ ನಂಬಿಕೆ ಸರಿಯಲ್ಲವೆಂಬುದನ್ನು ಈ ದುರಂತ ತೋರಿಸುತ್ತದೆ. ಜೀವರಕ್ಷಕ ಸಿಬ್ಬಂದಿ ಇಲ್ಲದ ತೀರಗಳಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದು, ಕತ್ತಲಾದ ಮೇಲೆ ನೀರಿಗಿಳಿಯದಿರುವುದು ಮತ್ತು ಮಕ್ಕಳ ಮೇಲೆ ಕಣ್ಣಿಡಲು ಹಿರಿಯರೊಬ್ಬರನ್ನು ಸರದಿಯಂತೆ ಹೆಸರಿಸಿ ನೇಮಿಸುವುದು ಸುರಕ್ಷಿತ ಕ್ರಮಗಳು. ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಾಗ ಯಾರೂ ನೋಡದಿರುವುದೇ ಹೆಚ್ಚು.

ದೋಣಿ ಪ್ರಯಾಣ

2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಮಂದಿ ಮೃತಪಟ್ಟರು. ಮೃತರಲ್ಲಿ ಮಕ್ಕಳೂ ಇದ್ದರು. ದ್ವೀಪಕ್ಕೆ ಹೋಗುವವರು ಅನುಮತಿ ಪಡೆದ ದೋಣಿಯನ್ನೇ ಆರಿಸಿ, ಮಿತಿಮೀರಿ ಜನ ಹತ್ತಿದರೆ ಇಳಿದುಬಿಡಬೇಕು. ಜೀವರಕ್ಷಕ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು. ದಡ ಬಿಡುವ ಮೊದಲೇ ತೊಟ್ಟಿರಬೇಕು.

ಮಳೆ ಮತ್ತು ಭೂಕುಸಿತ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಭಾರೀ ಮಳೆಯಿಂದ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೂ ಗಂಗಾವಳಿ ನದಿಗೂ ಬಿದ್ದಿತು. ರಸ್ತೆ ಬದಿಯಲ್ಲಿದ್ದವರು ಮತ್ತು ವಾಹನ ನಿಲ್ಲಿಸಿ ವಿಶ್ರಮಿಸುತ್ತಿದ್ದವರು ಸೇರಿ ಹಲವರು ಸಾವಿಗೀಡಾದರು. ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಪ್ರಯಾಣವನ್ನೇ ಮುಂದೂಡಬೇಕು; ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕ ವಾಹನ ನಿಲ್ಲಿಸಬಾರದು. ಸಿಡಿಲಿನ ಸಮಯದಲ್ಲಿ ಡೇರೆಯಾಗಲಿ ಮರದಡಿಯಾಗಲಿ ಆಶ್ರಯವಲ್ಲ. ಪಕ್ಕಾ ಕಟ್ಟಡ ಅಥವಾ ಮುಚ್ಚಿದ ಕಾರಿನೊಳಗೆ ಸೇರಬೇಕು.

ಹಾವು ಮತ್ತು ಕೀಟಗಳು

ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಈ ಪ್ರದೇಶದ ಮುಖ್ಯ ವಿಷಸರ್ಪಗಳು. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ಹೆಚ್ಚು ನೋವಾಗದಿರುವುದರಿಂದ ಕಚ್ಚಿದ್ದೇ ತಿಳಿಯದಿರಬಹುದು. ಡೇರೆಯ ಜಿಪ್ ಸದಾ ಮುಚ್ಚಿರುವುದು, ಎಂಜಲು ಚೆಲ್ಲದಿರುವುದು, ರಾತ್ರಿ ದೀಪವಿಲ್ಲದೆ ಓಡಾಡದಿರುವುದು ಮತ್ತು ಪಾದರಕ್ಷೆಯನ್ನು ಕೊಡವಿ ತೊಡುವುದು ಮುನ್ನೆಚ್ಚರಿಕೆಗಳು. ಕಚ್ಚಿದ ಅನುಮಾನವಿದ್ದರೂ ಗಾಯ ಕೊಯ್ಯದೆ, ರಕ್ತ ಹೀರದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದಂತೆ ಇರಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ, ಉಣ್ಣೆಗಳಿಂದ ಹರಡುವ ಜ್ವರ. ಉತ್ತರ ಕನ್ನಡದ ಕಾಡಂಚಿನಲ್ಲಿಯೂ ಡಿಸೆಂಬರ್‌ನಿಂದ ಮೇವರೆಗೆ ಇದು ಕಂಡುಬರುತ್ತದೆ. ಶಿಬಿರಕ್ಕೆ ಒಳ್ಳೆಯ ಕಾಲವೂ ಇದೇ ಆದುದರಿಂದ ಕಾಡಿನಲ್ಲಿ ಮೈತುಂಬ ಬಟ್ಟೆ ತೊಡುವುದು, ಒಣ ಎಲೆಗಳ ಮೇಲೆ ಕೂರದಿರುವುದು, ಸತ್ತ ಮಂಗಗಳಿರುವ ಪ್ರದೇಶದಿಂದ ದೂರವಿರುವುದು ಅಗತ್ಯ. ಪ್ರವಾಸದ ನಂತರ ಜ್ವರ ಬಂದರೆ ಕಾಡಿಗೆ ಹೋದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ತುರ್ತು ಸಂದರ್ಭಗಳಲ್ಲಿ 112 ಮತ್ತು ಆಂಬುಲೆನ್ಸ್‌ಗೆ 108 ಸಂಖ್ಯೆಗಳನ್ನು ಸಂಪರ್ಕಿಸಬಹುದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆಯೂ ಇವೆ. ಕೊಲ್ಲಿಗಳಲ್ಲಿ ಮತ್ತು ಘಟ್ಟದಲ್ಲಿ ಮೊಬೈಲ್ ಸಂಪರ್ಕ ಸಿಗದಿರಬಹುದಾದ್ದರಿಂದ ತಂಗುವ ಸ್ಥಳವನ್ನು ಊರಿನಲ್ಲಿರುವವರಿಗೆ ಮೊದಲೇ ತಿಳಿಸಿರುವುದು ಕ್ಷೇಮ.

ಪರಿಸರ ಮತ್ತು ಸ್ಥಳೀಯರು

ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದಲ್ಲಿ ಈ ಜಿಲ್ಲೆಯ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಸಮುದ್ರದ ಮೇಲಿನ ತಿಳಿ ಬೆಳಕನ್ನು ಅನುಸರಿಸಿ ನೀರು ಸೇರುತ್ತವೆ. ಡೇರೆಯ ಪ್ರಖರ ದೀಪ ಮತ್ತು ಬೆಂಕಿಯಿಂದ ಅವು ದಿಕ್ಕು ತಪ್ಪುತ್ತವೆ. ಶಿಬಿರದ ಕಾಲ ಮತ್ತು ಆಮೆಗಳ ಕಾಲ ಒಂದೇ ಆದುದರಿಂದ ರಾತ್ರಿ ಮಂದ ದೀಪ ಬಳಸುವುದು, ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು ಮುಖ್ಯ. ಈ ಆಮೆ ವನ್ಯಜೀವಿ ಕಾಯ್ದೆಯ ಒಂದನೆಯ ಪರಿಚ್ಛೇದದ ರಕ್ಷಣೆ ಪಡೆದಿದೆ.

ತಂದ ಪ್ಲಾಸ್ಟಿಕ್ ಮತ್ತು ಇತರ ಕಸವನ್ನು ಮರಳಿನಲ್ಲಿ ಹೂಳದೆ ಹಿಂದಕ್ಕೆ ಒಯ್ಯಬೇಕು. ಹೂತದ್ದನ್ನು ಅಲೆ ಅಥವಾ ನಾಯಿಗಳು ಮೇಲಕ್ಕೆ ತರುತ್ತವೆ. ಶೌಚಾಲಯವಿಲ್ಲದ ಕಡೆ ಬಾವಿ, ಹಳ್ಳ ಮತ್ತು ಡೇರೆಯಿಂದ ದೂರದಲ್ಲಿ ಗುಂಡಿ ತೋಡಿ ಮುಚ್ಚಬೇಕು.

ಈ ತೀರಗಳಲ್ಲಿ ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಮೊದಲಾದ ಸಮುದಾಯದವರೂ ಒಳನಾಡಿನಲ್ಲಿ ಹಾಲಕ್ಕಿ ಒಕ್ಕಲಿಗರೂ ವಾಸಿಸುತ್ತಾರೆ. ಕನ್ನಡ ಮತ್ತು ಕೊಂಕಣಿ ಎರಡೂ ಬಳಕೆಯಲ್ಲಿವೆ. ಉಬ್ಬರದ ಹೊತ್ತು, ಸೆಳೆತದ ಜಾಗ, ಗಾಳಿಯ ತಿರುವುಗಳ ಬಗ್ಗೆ ಮೀನುಗಾರರ ಮಾತು ಯಾವ ಮೊಬೈಲ್ ಆ್ಯಪ್‌ಗಿಂತಲೂ ಆ ತೀರಕ್ಕೆ ಹೆಚ್ಚು ನಿಖರವಾಗಿರುತ್ತದೆ.

ಸಂಚಾರ

ರಾಷ್ಟ್ರೀಯ ಹೆದ್ದಾರಿ 66 ಎರಡೂ ಪಟ್ಟಣಗಳ ಮೂಲಕ ಹಾದುಹೋಗುತ್ತದೆ. ಹುಬ್ಬಳ್ಳಿಯಿಂದ ಯಲ್ಲಾಪುರ ಮತ್ತು ಅರಬೈಲ್ ಘಟ್ಟದ ಮೂಲಕ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 52 ಇದೆ. 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಕಾರವಾರ, ಹಾರವಾಡ ಮತ್ತು ಅಂಕೋಲಾ ನಿಲ್ದಾಣಗಳಿವೆ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಮುಂತಾದ ದಹನಶೀಲ ವಸ್ತುಗಳನ್ನು ಒಯ್ಯುವುದು ನಿಷಿದ್ಧವಾದುದರಿಂದ ರೈಲಿನಲ್ಲಿ ಬರುವವರು ಒಲೆಯ ವ್ಯವಸ್ಥೆಯನ್ನು ಸ್ಥಳದಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಜಿಲ್ಲೆಯ ಊರುಗಳನ್ನು ಸಂಪರ್ಕಿಸುತ್ತವೆ.

ಇವನ್ನೂ ನೋಡಿ

• ಉತ್ತರ ಕನ್ನಡ
• ಕಾಳಿ ನದಿ
• ಸದಾಶಿವಗಡ
• ಗಂಗಾವಳಿ ನದಿ
• ಯಾಣ
• ರಂಪಣಿ ಮೀನುಗಾರಿಕೆ